ಎತ್ತಿ ಕುಡಿಯುವ ಪಾಠ

ತರಬೇತಿ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಅದರಲ್ಲಿ ಎಷ್ಟು ದಿನ ಮಕ್ಕಳ ಮುಂದೆ ನಿಂತೆನೋ, ಎಷ್ಟು ದಿನ ಕೊಪ್ಪಳದ ಯಾವುದೋ ಸಭಾಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತೂಕಡಿಸಿದೆನೋ ಹೇಳಲಾರೆ. ಕಲಿಸುವುದಕ್ಕೆ ತರಬೇತಿ, ನಲಿಸುವುದಕ್ಕೆ ತರಬೇತಿ, ಕೈ ತೊಳೆಯುವುದಕ್ಕೂ ಒಂದು ದಿನದ ತರಬೇತಿ. ಹೋದ ಶಿವರಾತ್ರಿಯ ಹಿಂದಿನ ವಾರ ಬಂದದ್ದು ಜಾತಿಯನ್ನು ಗುರುತಿಸುವ ತರಬೇತಿ. ಮೂರು ದಿನ. ನಮ್ಮೊಳಗೆ ಜಾತಿ ಎಲ್ಲೆಲ್ಲಿ ಅಡಗಿ ಕುಳಿತಿದೆ ಎಂದು ನಾವೇ ಹುಡುಕಿಕೊಳ್ಳಬೇಕಂತೆ. ಒಬ್ಬರ ಕತೆಯನ್ನು ಇನ್ನೊಬ್ಬರು ಕೇಳಬೇಕಂತೆ. ನಡುನಡುವೆ ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕಂತೆ.

ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವಳಿಗೆ ಜಾತಿ ಗುರುತಿಸುವುದನ್ನು ಕಲಿಯಲು ಕುಷ್ಟಗಿಯಿಂದ ಕೊಪ್ಪಳಕ್ಕೆ ಬಸ್ಸು ಹತ್ತಿಸುತ್ತೀರಾ ಎಂದು ನಮ್ಮ ಹೆಡ್ ಮಾಸ್ತರನ್ನು ಕೇಳಿದೆ. ಜಾತಿ ಎಂದರೇನೆಂದೇ ಗೊತ್ತಿಲ್ಲ ಎನ್ನುವವರು ಶಾಲೆಯಲ್ಲಿ ಇನ್ನೂ ಮೂವರಿದ್ದಾರೆ, ಅವರನ್ನು ಕಳಿಸಿ ಎಂದೆ. ಹೆಸರು ಆಗಲೇ ಮೇಲೆ ಹೋಗಿದೆ ಎಂದು ಅವರು ಕೈ ತೊಳೆದುಕೊಂಡರು. ಹೋಗುವಾಗ ಒಂದು ಮಾತನ್ನೂ ಸೇರಿಸಿದರು.

"ನೀವ ಹೋಗ್ರಿ ಅಕ್ಕೋರ. ನಿಮಗ ಹೇಳಾಕ ಏನರ ಇರ್ತೈತಿ."

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಎಷ್ಟು ಮರ್ಯಾದೆಯ ಶಬ್ದ ನೋಡಿ. ಅದರ ಬೆನ್ನಿಗೇ ಬಂದ ಮಾತಿನ ಅರ್ಥ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಇಂಥ ತರಬೇತಿಗಳಿಗೆ ಅಳುವ ಕತೆ ಇರುವ ಒಬ್ಬರಾದರೂ ಬೇಕು. ಹಬ್ಬಕ್ಕೆ ಹೋಳಿಗೆ ಇದ್ದ ಹಾಗೆ.

ಮೊದಲ ದಿನ ಕತೆ ಹೇಳುವ ಸುತ್ತು. ಹೇಳಿಸುತ್ತಿದ್ದವನು ದೂರದ ನಗರದಿಂದ ಬಂದ, ಖಾದಿ ಅಂಗಿಯ ತರುಣ. ಪಾಪ, ಒಳ್ಳೆಯವನೇ. ಅವನನ್ನು ಕಾಗದದಲ್ಲಿ ಸಂಪನ್ಮೂಲ ವ್ಯಕ್ತಿ ಎಂದು ಬರೆದಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಅವನು ಒಂದು ಚಿಕ್ಕ ಕಂಚಿನ ಬಟ್ಟಲನ್ನು ಟಣ್ಣೆನ್ನಿಸುತ್ತಿದ್ದ. ಗಂಗಾವತಿ ಕಡೆಯ ಒಬ್ಬ ಮೇಷ್ಟ್ರು ಎದ್ದು, ತಮ್ಮ ಮನೆಯಲ್ಲಿ ಜಾತಿ ಎಂಬ ಶಬ್ದವನ್ನೇ ಕೇಳಿರಲಿಲ್ಲ, ಗದ್ದೆಯ ಆಳು ಮನೆಯ ಮಗನ ಹಾಗಿದ್ದ, ದಿನಾ ಹಿತ್ತಲಲ್ಲಿ ಹೊಟ್ಟೆ ತುಂಬ ಉಂಡು ಹೋಗುತ್ತಿದ್ದ ಎಂದರು. ಮನೆಯ ಮಗ ಹಿತ್ತಲಲ್ಲಿ ಏಕೆ ಉಣ್ಣುತ್ತಿದ್ದ ಎಂದು ಯಾರೂ ಕೇಳಲಿಲ್ಲ. ಟಣ್. ಇನ್ನೊಬ್ಬರು ತಮ್ಮ ಅಜ್ಜಿಯ ಮಡಿಯನ್ನು ನಗೆಚಾಟಿಕೆ ಮಾಡಿ ಹೇಳಿದರು, ಎಲ್ಲರೂ ನಕ್ಕರು. ಟಣ್. ಹೀಗೆ ಹತ್ತು ಹನ್ನೆರಡು ಜನ ಜಾತಿಯೇ ಇಲ್ಲದ ಮನೆಗಳಲ್ಲಿ ಹುಟ್ಟಿ ಬೆಳೆದರು. ಆಮೇಲೆ ಎಲ್ಲರ ಕಣ್ಣೂ ಹಿಂದಿನ ಸಾಲಿನಲ್ಲಿದ್ದ, ಕೇರಿಗಳಿಂದ ಬಂದ ನಮ್ಮ ನಾಲ್ವರ ಕಡೆ ತಿರುಗಿತು.

ನನ್ನ ಕತೆ ನನಗೆ ಬಾಯಿಪಾಠ. ಇದೇ ಕತೆಯನ್ನು ಹಿಂದೆ ಎಷ್ಟೋ ಕಡೆ ಹೇಳಿದ್ದೇನೆ. ಎಲ್ಲಿ ನಿಲ್ಲಿಸಿದರೆ ಯಾರು ನಿಟ್ಟುಸಿರು ಬಿಡುತ್ತಾರೆ ಎಂಬುದೂ ಗೊತ್ತು.

ನಮ್ಮೂರು ಯಲಬುರ್ಗಾ ತಾಲೂಕಿನಲ್ಲಿ, ತಳಕಲ್ಲಿಗೆ ಹತ್ತಿರ. ನನಗಾಗ ಆರು ವರ್ಷ. ಅವ್ವ ಊರಿನ ದೊಡ್ಡ ಹೊಲವೊಂದಕ್ಕೆ ಶೇಂಗಾದ ಕಳೆ ತೆಗೆಯಲು ಹೋಗುತ್ತಿದ್ದಳು, ನಾನು ಸೆರಗು ಹಿಡಿದು ಹಿಂದೆ. ಮಧ್ಯಾಹ್ನ ಹೊಲದ ಗೌಡಸಾನಿ ಕೊಡ ಹೊತ್ತು ನೀರು ತರುತ್ತಿದ್ದಳು. ಉಳಿದ ಹೆಂಗಸರು ಹಿತ್ತಾಳೆಯ ತಂಬಿಗೆ ಎತ್ತಿ ಕುಡಿಯುತ್ತಿದ್ದರು. ಅವ್ವನೂ ನಮ್ಮ ಕೇರಿಯ ಇನ್ನಿಬ್ಬರೂ ಬದುವಿನ ಕೆಳಗೆ ಕುಂತು ಬೊಗಸೆ ಒಡ್ಡುತ್ತಿದ್ದರು, ಅವಳು ಮೇಲಿಂದ ಹೊಯ್ಯುತ್ತಿದ್ದಳು. ಒಂದು ದಿನ ನನಗೆ ಬಾಯಿ ಒಣಗಿತ್ತು. ತಂಬಿಗೆ ಕೊಡದ ಪಕ್ಕ ಇತ್ತು. ಎತ್ತಿಕೊಂಡು ಬಾಯಿ ಹಚ್ಚಿ ಗಟಗಟ ಕುಡಿದುಬಿಟ್ಟೆ.

ಗೌಡಸಾನಿ ಬೈಯಲಿಲ್ಲ. ಹೊಡೆಯಲಿಲ್ಲ. ಮುಖವನ್ನೂ ಗಂಟು ಹಾಕಲಿಲ್ಲ. ಅವ್ವನ ಕಡೆ ತಿರುಗಿ ಮೆತ್ತಗೆ, "ಇರ್ಲಿ ಬಿಡವ್ವಾ, ಅದನ್ನ ಇನ್ನ ನೀವ ಇಟ್ಕೊಳ್ರಿ" ಎಂದಳು. ಅಷ್ಟೆ. ಹಾಗೆ ನಮ್ಮ ಮನೆಗೊಂದು ಹಿತ್ತಾಳೆ ತಂಬಿಗೆ ಬಂತು.

ಅವತ್ತು ಸಂಜೆ ಅವ್ವ ನನ್ನನ್ನು ಬಡಿದಳು. ಬಡಿದಾದ ಮೇಲೆ ಅದೇ ತಂಬಿಗೆಯ ತುಂಬ ನೀರು ತಂದು, ತುಟಿಗೆ ಸೋಕದ ಹಾಗೆ ಎತ್ತಿ ಕುಡಿಯುವುದನ್ನು ಕಲಿಸಿದಳು. ಮೂಗಿಗೆ ಹೋಯಿತು, ಕೆಮ್ಮಿದೆ, ಅತ್ತೆ. ಹನಿ ಚೆಲ್ಲದೆ ಕುಡಿಯುವವರೆಗೆ ಬಿಡಲಿಲ್ಲ. ಅಂದಿನಿಂದ ಯಾವ ಪಾತ್ರೆಗೂ ನನ್ನ ತುಟಿ ಸೋಕಿರಲಿಲ್ಲ. ಕತೆಯ ಕೊನೆಗೆ ಒಂದು ತಮಾಷೆಯನ್ನೂ ಸೇರಿಸುತ್ತೇನೆ. ಕುಷ್ಟಗಿಯಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಮಾಲಕಿ ನೀರು ಕೊಟ್ಟಳು. ನಾನು ಎತ್ತಿ ಕುಡಿದ ಚೆಂದ ನೋಡಿ, ಇವರು ಯಾರೋ ಭಾರೀ ಮಡಿವಂತರು ಎಂದುಕೊಂಡು, ಯಾರ ಪೈಕಿ ಎಂಬ ಮಾಮೂಲಿ ಪ್ರಶ್ನೆಯನ್ನೂ ಕೇಳದೆ ಬೀಗದ ಕೈ ಕೊಟ್ಟಳು. ಎಲ್ಲರೂ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಕೊಪ್ಪಳದಲ್ಲೂ ಹಾಗೇ ಆಯಿತು. ಗಂಗಾವತಿಯ ಮೇಷ್ಟ್ರು ಊಟದ ಹೊತ್ತಿಗೆ ನನ್ನ ಹತ್ತಿರ ಬಂದು, ನಿಮ್ಮ ಕತೆ ಕೇಳಿ ಹೊಟ್ಟೆ ತೊಳಸಿತು ಎಂದು ಹೇಳಿ, ಎರಡನೇ ಸಲ ಶಿರಾ ಹಾಕಿಸಿಕೊಳ್ಳಲು ಹೋದರು.

ಎರಡನೇ ದಿನ ಉಸಿರಿನ ಸರದಿ. ಕಣ್ಣು ಮುಚ್ಚಿ, ಉಸಿರು ಬರುವುದನ್ನು ನೋಡಿ, ಹೋಗುವುದನ್ನು ನೋಡಿ ಎಂದ ಆ ಖಾದಿಯ ತರುಣ. ಹೊರಗೆ ಒಬ್ಬ ಟ್ರ್ಯಾಕ್ಟರಿನವನು ಹಿಂದೆ ತೆಗೆಯಲು ಹಾರ್ನ್ ಒತ್ತುತ್ತಿದ್ದ, ಒಳಗೆ ಕರೆಂಟು ಹೋಗಿತ್ತು, ಉಸಿರಿನ ಜೊತೆ ಪಕ್ಕದವರು ತಿಂದು ಬಂದ ಒಗ್ಗರಣೆ ಮಿರ್ಚಿಯ ವಾಸನೆಯೂ ಬಂದು ಹೋಗುತ್ತಿತ್ತು. ಆಮೇಲೆ ಎಲ್ಲರ ಕೈಗೂ ಒಂದೊಂದು ಸ್ಟೀಲಿನ ಗ್ಲಾಸು ನೀರು ಕೊಡಿಸಿದ. ನಿಧಾನ ಎತ್ತಿ, ಅಂಚನ್ನು ತುಟಿಗೆ ಹಚ್ಚಿ, ಆ ತಂಪನ್ನು ಗಮನಿಸಿ, ಒಂದೇ ಒಂದು ಗುಟುಕು ಕುಡಿಯಿರಿ ಎಂದ.

ನನ್ನ ಕೈ ತಾನಾಗಿ ಮೇಲೆ ಹೋಯಿತು. ನೀರು ಸರಳ ಗೆರೆಯಂತೆ ಗಂಟಲಿಗೆ ಇಳಿಯಿತು. ಅವನು ಹತ್ತಿರ ಬಂದು, "ಮೇಡಂ, ತುಟಿಗೆ ಹಚ್ಚಿ ನೋಡಿ. ಒಂದೇ ಸಲ" ಎಂದ. ಸರಿಯಪ್ಪಾ ಎಂದು ಗ್ಲಾಸನ್ನು ಬಾಯಿಯ ತನಕ ತಂದೆ. ಎರಡು ಬೆರಳಿನ ದೂರದಲ್ಲಿ ಕೈ ನಿಂತುಬಿಟ್ಟಿತು. ನಲವತ್ತು ಜನ ಕಣ್ಣು ಮುಚ್ಚಬೇಕಾದವರು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಜೋರು ಮಾಡಿ ಹಚ್ಚಲು ಹೋದೆ, ಗ್ಲಾಸು ಅಲುಗಿ ನೀರು ಸೀರೆಯ ಮೇಲೆ ಬಿತ್ತು.

ಪರವಾಗಿಲ್ಲ, ಬೈದುಕೊಳ್ಳಬೇಡಿ, ಸುಮ್ಮನೆ ಗಮನಿಸಿ, ಇನ್ನು ಮೇಲೆ ದಿನಕ್ಕೊಂದು ಸಲ ಹೀಗೆ ಕುಡಿದು ನೋಡಿ ಎಂದ ಅವನು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಕಂಚಿನ ಬಟ್ಟಲನ್ನು ಕಿಟಕಿಯಿಂದ ಆಚೆ ಒಗೆಯಬೇಕು ಎನ್ನಿಸಿತು. ನಾನೇನು ರೋಗಿಯೇ? ಗಮನಿಸಬೇಕಾದವರು ಆ ಗೌಡಸಾನಿಯ ಮನೆಯವರು. ಗಮನಿಸಬೇಕಾದವರು ಹಿತ್ತಲಲ್ಲಿ ಮನೆಯ ಮಗನಿಗೆ ಉಣ್ಣಲು ಹಾಕಿದವರು. ಒದ್ದೆ ಸೀರೆಯಲ್ಲೇ ಸಂಜೆಯವರೆಗೆ ಕುಳಿತೆ. ಮೂರನೇ ದಿನ ಪ್ರಮಾಣಪತ್ರ ತಗೊಂಡು, ಅದರಲ್ಲಿ ನನ್ನ ಹೆಸರು ತಪ್ಪಾಗಿದ್ದದ್ದಕ್ಕೆ ಇನ್ನಷ್ಟು ಸಿಡುಕಿ, ಬಸ್ಸು ಹಿಡಿದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಕುಷ್ಟಗಿ ತಾಲೂಕಿನ ನಮ್ಮ ಶಾಲೆಯಲ್ಲಿ ನೀರಿನ ಶಿಸ್ತು ನನ್ನದು. ನಾನು ಬಂದಾಗ ಮಕ್ಕಳು ಇದ್ದ ಆರು ಗ್ಲಾಸುಗಳಿಗೇ ಬಾಯಿ ಹಚ್ಚಿ, ತೊಳೆಯದೆ ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ನೆಗಡಿ ಬಂದರೆ ತರಗತಿಗೆಲ್ಲ ನೆಗಡಿ. ಎಂಜಲು ಮಾಡಬಾರದು, ಎತ್ತಿ ಕುಡಿಯಬೇಕು ಎಂದು ನಿಯಮ ಮಾಡಿದೆ. ಒಂದನೇ ತರಗತಿಗೆ ಬಂದ ಮಗುವಿಗೆ ಅ ಆ ಇ ಈ ಬರುವ ಮೊದಲೇ ಎತ್ತಿ ಕುಡಿಯುವುದು ಬರುತ್ತಿತ್ತು. ಹೋದ ಡಿಸೆಂಬರಿನಲ್ಲಿ ಇಟಗಿಯ ಗುಡಿ ತೋರಿಸಲು ಅರವತ್ತು ಮಕ್ಕಳನ್ನು ಕರೆದುಕೊಂಡು ಹೋದಾಗ, ನೀರಿನ ಕ್ಯಾನಿನ ಪಕ್ಕ ನಾನೇ ನಿಂತು ಸಾಲಾಗಿ ಕುಡಿಸಿದೆ. ಬೇರೆ ಊರಿನ ಶಾಲೆಯವರು ನೋಡಿ ಹೊಗಳಿದರು. ಹೆಡ್ ಮಾಸ್ತರು ಆ ಹೊಗಳಿಕೆಯನ್ನು ತಮ್ಮ ಕಿಸೆಗೆ ಹಾಕಿಕೊಂಡರು, ಅದು ಬೇರೆ ಮಾತು.

ತರಬೇತಿ ಮುಗಿಸಿ ಬಂದು ವಾರವಾಗಿರಲಿಲ್ಲ. ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ತಾಯಿ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಕೂಲಿಗೆ ಹೋಗುವವಳು, ಕೇರಿಯವಳು, ಬೇರೆ ಊರಾದರೂ ನಮ್ಮ ಪೈಕಿಯೇ. ಹುಡುಗಿ ಎರಡು ದಿನದಿಂದ ಬಂದಿರಲಿಲ್ಲ. ಉರಿಮೂತ್ರ, ಜ್ವರ, ರಾತ್ರಿಯೆಲ್ಲ ಅಳುವುದು. ಒಳಗೆ ಬಾ ಎಂದರೂ ತಾಯಿ ಬರಲಿಲ್ಲ.

"ದವಾಖಾನ್ಯಾಗ ನೀರು ಕುಡಸ್ರಿ ಅಂದ್ರು ಅಕ್ಕೋರ. ಮನ್ಯಾಗ ಕುಡೀತಾಳ್ರಿ. ಸಾಲ್ಯಾಗ ಮುಂಜಾನಿಂದ ಸಂಜಿತನಾ ಹನಿ ನೀರು ಮುಟ್ಟಂಗಿಲ್ಲಂತ. ಯಾಕಂತ ಕೇಳಿದ್ರ ಬಾಯಿ ಬಿಡವಲ್ಲಳು."

ನನಗೆ ತಲೆಯಿಂದ ಕಾಲಿನವರೆಗೆ ಬೆಂಕಿ ಬಿತ್ತು. ಬೇಸಗೆ ಶುರುವಾಗಿತ್ತು, ತಗಡಿನ ಕೋಣೆಯಲ್ಲಿ ನಮಗೇ ಗಂಟೆಗೊಮ್ಮೆ ಬಾಯಿ ಒಣಗುತ್ತಿತ್ತು. ಒಂಬತ್ತು ವರ್ಷದ ಮಗು ದಿನವೆಲ್ಲ ನೀರಿಲ್ಲದೆ ಕೂರುತ್ತಿದೆ ಎಂದರೆ ಯಾರೋ ಅದಕ್ಕೆ ನೀರು ಮುಟ್ಟಬೇಡ ಎಂದಿದ್ದಾರೆ. ಇನ್ನೇನು ಬೇಕು? ಎಲ್ಲ ಬಿಟ್ಟು ನನ್ನ ಶಾಲೆಯಲ್ಲಿ! ಯಾರು ಎಂದು ಯೋಚಿಸಲೂ ಇಲ್ಲ. ನೀರಿನ ಟಾಕಿ ಇರುವುದು ಅಡುಗೆ ಕೋಣೆಯ ಬಾಗಿಲಲ್ಲಿ. ಬಿಸಿಯೂಟದ ಅಡುಗೆಯವಳು ಊರಿನ ಒಳಗಿನವಳು, ಸೌಟನ್ನು ಯಾವಾಗಲೂ ಎರಡು ಗೇಣು ಮೇಲಿಂದ ಹಿಡಿದು ಬಡಿಸುವವಳು. ನೆಟ್ಟಗೆ ಹೋಗಿ ಜಾಡಿಸಿದೆ. ಕೊಪ್ಪಳದಲ್ಲಿ ಕಲಿತ ಒಂದೊಂದು ಶಬ್ದವನ್ನೂ ಅವಳ ತಲೆಯ ಮೇಲೆ ಸುರಿದೆ. ಮೇಲಿನವರಿಗೆ ಬರೆಯುತ್ತೇನೆ, ಕೆಲಸದಿಂದ ತೆಗೆಸುತ್ತೇನೆ ಎಂದೂ ಹೇಳಿದೆ. ಅವಳು ತೊಳೆಯುತ್ತಿದ್ದ ಅಕ್ಕಿಯನ್ನು ಹಾಗೇ ಬಿಟ್ಟು ಎದ್ದು ನಿಂತಳು. ಕಣ್ಣಲ್ಲಿ ನೀರು ಬಂದಿತ್ತು.

"ನಾ ಆಕಿಗೆ ಏನೂ ಅಂದಿಲ್ರಿ. ನೀರು ಕುಡಿ ಬಾ ಅಂತ ನಾನ ಎರಡ ಸಲ ಕರದೀನಿ. ಕೈಯಾಗ ಸೌಟು ಐತಿ ಅಂತ ಎಲ್ಲಾ ನಮ್ಮ ಮ್ಯಾಲ ಹಾಕ್ಬ್ಯಾಡ್ರಿ ಅಕ್ಕೋರ. ಹುಡುಗಿನ್ನ ಕೇಳ್ರಿ."

ಕೇಳದೆ ಬಿಡುತ್ತೇನೆಯೇ ಎಂದುಕೊಂಡೆ. ಮೂರು ದಿನ ಬಿಟ್ಟು ಹುಡುಗಿ ಬಂದಳು, ಮುಖ ಇಷ್ಟಾಗಿತ್ತು. ಆಟದ ಹೊತ್ತಿನಲ್ಲಿ ಖಾಲಿ ತರಗತಿಯಲ್ಲಿ ಹತ್ತಿರ ಕೂರಿಸಿಕೊಂಡೆ. ಹೆದರಬೇಡ, ನಾನಿದ್ದೇನೆ ಎಂದೆ. ನನಗೂ ಹೀಗೇ ಆಗಿತ್ತು ಎಂದು ತಂಬಿಗೆಯ ಕತೆಯನ್ನು ಶುರು ಮಾಡಿದೆ. ಬಾಯಿಪಾಠವಲ್ಲವೇ, ಚೆನ್ನಾಗಿಯೇ ಹೇಳಿದೆ. ಹೊಲ, ಕೊಡ, ಬೊಗಸೆ, ಬಾಯಿ ಹಚ್ಚಿದ್ದು. "ಅದನ್ನ ಇನ್ನ ನೀವ ಇಟ್ಕೊಳ್ರಿ" ಎಂಬ ಮಾತಿಗೆ ಬಂದಾಗ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಯಾರು ನಿನಗೆ ಹಾಗೆ ಅಂದರು, ಹೇಳು ಎಂದೆ.

ಅವಳು ತನ್ನ ಚೀಲ ತೆಗೆದಳು. ಪುಸ್ತಕಗಳ ಕೆಳಗೆ ಕೈ ಹಾಕಿ, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಸ್ಟೀಲಿನ ಗ್ಲಾಸು ತೆಗೆದು ಬೆಂಚಿನ ಮೇಲೆ ಇಟ್ಟಳು. ತಳದಲ್ಲಿ ನಮ್ಮ ಶಾಲೆಯ ಹೆಸರು ಕೊರೆಸಿತ್ತು.

"ನೀವ ಅಂದಿದ್ರಿ ಅಕ್ಕೋರ. ಇಟಗ್ಯಾಗ."

ಒಂದು ಕ್ಷಣ ಏನೂ ನೆನಪಾಗಲಿಲ್ಲ. ಆಮೇಲೆ ಒಂದೊಂದೇ ಬಂತು. ಗುಡಿಯ ಆವರಣ, ಕ್ಯಾನು, ಸಾಲು. ಅವಳೊಬ್ಬಳಿಗೆ ಎತ್ತಿ ಕುಡಿಯಲು ಸರಿಯಾಗಿ ಬರುತ್ತಿರಲಿಲ್ಲ, ಯಾವಾಗಲೂ ನೆತ್ತಿಗೇರುತ್ತಿತ್ತು. ಅವತ್ತು ಬಿಸಿಲಿಗೆ ತಡೆಯಲಾರದೆ ಬಾಯಿ ಹಚ್ಚಿಬಿಟ್ಟಳು. ಬೇರೆ ಶಾಲೆಯವರು ಇನ್ನೂ ಅಲ್ಲೇ ನಿಂತು ನಮ್ಮ ಸಾಲನ್ನು ನೋಡುತ್ತಿದ್ದರು. ನಾನು ಹೊಡೆಯಲಿಲ್ಲ, ಜೋರಾಗಿಯೂ ಬೈಯಲಿಲ್ಲ. ಎಲ್ಲ ಮಕ್ಕಳ ಮುಂದೆ, ಮೆತ್ತಗೆ, "ಎಂಜಲ ಮಾಡಿದ್ಯಲ್ಲಾ, ಇರ್ಲಿ ಬಿಡು, ಅದನ್ನ ಇನ್ನ ನೀನ ಇಟ್ಕೊ" ಎಂದಿದ್ದೆ. ಮುಂದಿನ ಮಗುವಿಗೆ ಬೇರೆ ಗ್ಲಾಸು ಕೊಟ್ಟಿದ್ದೆ. ಮರೆತೂಬಿಟ್ಟಿದ್ದೆ.

ಅವಳು ಮೂರು ತಿಂಗಳಿಂದ ಅದನ್ನು ಚೀಲದಲ್ಲಿ ಹೊತ್ತುಕೊಂಡು ಬರುತ್ತಿದ್ದಳು. ಅಕ್ಕೋರು ಇಟ್ಟುಕೋ ಎಂದದ್ದಕ್ಕೆ ಬಿಸಾಕುವಂತಿಲ್ಲ. ಹೊರಗೆ ತೆಗೆದು ಅದರಲ್ಲಿ ಕುಡಿದರೆ ಹುಡುಗರು ನಗುತ್ತಾರೆ. ಶಾಲೆಯ ಬೇರೆ ಗ್ಲಾಸು ಮುಟ್ಟಿದರೆ ಮತ್ತೆ ನಾನು ಅನ್ನುತ್ತೇನೆ. ಅದಕ್ಕೆ ಕುಡಿಯುವುದನ್ನೇ ಬಿಟ್ಟಿದ್ದಳು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಲು ಹೋದರಂತೆ ಎಂಬ ಗಾದೆಯನ್ನು ಐದನೇ ತರಗತಿಗೆ ನಾನೇ ಬರೆಸುತ್ತೇನೆ. ಆ ಬೆಂಚಿನ ಮೇಲೆ ಕುಳಿತು ನಾನು ನಾಚಿಕೆಯಿಂದ ಸತ್ತೆ. ಹುಡುಗಿಗೆ ಏನು ಹೇಳಿದೆನೋ ನೆನಪಿಲ್ಲ. ತಪ್ಪಾಯಿತು ಎಂದೆನೋ, ಅದನ್ನೂ ಗಟ್ಟಿಯಾಗಿ ಎಂದೆನೋ ಇಲ್ಲವೋ.

ಮನೆಗೆ ಬಂದು ಅವ್ವನ ಮುಂದೆ ಹೇಳಿದೆ. ಅವ್ವನಿಗೆ ಈಗ ಎಪ್ಪತ್ತು ದಾಟಿದೆ, ನನ್ನ ಜೊತೆಗೇ ಇದ್ದಾಳೆ. ಕೇಳುತ್ತಾ ಕಡಲೆ ಹಸನು ಮಾಡುತ್ತಿದ್ದಳು. ನಾನು ಸಿಟ್ಟಿನಲ್ಲಿದ್ದೆ. ನನ್ನ ಮೇಲೆ ಸಿಟ್ಟು, ಕಲಿಸಿದ ಅವಳ ಮೇಲೂ ಸಿಟ್ಟು, ಗಮನಿಸಿ ಗಮನಿಸಿ ಎಂದು ಜೀವ ತಿಂದ ಆ ತರುಣ ಹೇಳಿದ್ದು ಸರಿಯಾಗಿತ್ತಲ್ಲ ಎಂದು ಅವನ ಮೇಲೂ ಸಿಟ್ಟು. ಅದು ಬರೀ ಸ್ವಚ್ಛತೆಗಾಗಿ ಮಾಡಿದ ನಿಯಮ, ಗೌಡಸಾನಿಗೂ ನನಗೂ ಏನು ಸಂಬಂಧ ಎಂದು ವಾದಿಸಿದೆ. ಹಾಗಾದರೆ ಗ್ಲಾಸು ತೊಳೆದು ಇಟ್ಟರೆ ಮುಗಿಯುತ್ತಿತ್ತಲ್ಲ ಎಂದು ನನಗೆ ನಾನೇ ಉತ್ತರವನ್ನೂ ಕೊಟ್ಟುಕೊಂಡೆ. ನೀರು ಹಾಕಿ ಉಜ್ಜಿದರೆ ಹೋಗುವ ಎಂಜಲಿಗೆ ಮಗುವಿನ ಚೀಲಕ್ಕೆ ಗ್ಲಾಸು ಏಕೆ ಹಾಕಿದೆ? ಇಪ್ಪತ್ತು ವರ್ಷ ಊರೂರಲ್ಲಿ ಹೇಳಿ ಕಣ್ಣೀರು ಹಾಕಿಸಿದ ಮಾತು ನನ್ನ ಬಾಯಿಂದಲೇ ಬಂದಾಗ ನನ್ನ ಕಿವಿಗೆ ಕೇಳಲೇ ಇಲ್ಲ. ಎಂಥ ಕತೆ ಹೇಳುವವಳು ನಾನು?

ಅವ್ವ ಮೊರ ಕೆಳಗಿಟ್ಟಳು.

"ನಾಳೆ ಆಕಿ ಅವ್ವನ್ನ ಕರದು ಹೇಳು," ಎಂದಳು. "ಗ್ಲಾಸಿನ ಸಲುವಾಗಿ ಹುಡುಗಿನ್ನ ಬಡಿಬ್ಯಾಡ ಅಂತ."

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು. ಆ ಸಂಜೆಯ ಏಟಿನ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ, ಅವತ್ತೂ ಅದಕ್ಕಿಂತ ಹೆಚ್ಚು ಆಡಲಿಲ್ಲ. ಹಿತ್ತಾಳೆ ತಂಬಿಗೆ ಒಲೆಯ ಪಕ್ಕದ ಕಟ್ಟೆಯ ಮೇಲೇ ಇತ್ತು. ಒಳಗೆ ಹೋಗಿ ಅದರಲ್ಲಿ ನೀರು ತುಂಬಿಕೊಂಡು ಬಾಯಿ ಹಚ್ಚಲು ಹೋದೆ. ಎರಡು ಸಲ ಕೈ ನಿಂತಿತು, ಮೂರನೇ ಸಲ ಹಚ್ಚಿದೆ. ಹಿತ್ತಾಳೆಯ ಅಂಚು ತಣ್ಣಗಿತ್ತು, ಸ್ವಲ್ಪ ಹುಳಿ ವಾಸನೆ. ಕುಡಿದೆ, ಆದರೆ ಹಿತವೆನ್ನಿಸಲಿಲ್ಲ.

ಮರುದಿನ ಮೊದಲು ಅಡುಗೆಯವಳ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವಳು ಆಗಲಿ ಬಿಡ್ರಿ ಎಂದಳೇ ಹೊರತು ನನ್ನ ಮುಖ ನೋಡಲಿಲ್ಲ. ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ಅವಳ ಸೌಟು ಇನ್ನೂ ಎರಡು ಗೇಣು ಮೇಲೇ ಇರುತ್ತದೆ. ಅದನ್ನು ಕೇಳಬೇಕಾದ ಬಾಯಿಯನ್ನು ನಾನೇ ಕಳೆದುಕೊಂಡಿದ್ದೇನೆ. ಹೆಡ್ ಮಾಸ್ತರಿಗೆ ಹೇಳಿದರೆ, ಇಷ್ಟು ಛಲೋ ಇದ್ದ ನಿಯಮ ಯಾಕೆ ಕೆಡಿಸುತ್ತೀರಿ, ಸೋಂಕಾದರೆ ಯಾರು ಹೊಣೆ ಎಂದು ಅರ್ಧ ಗಂಟೆ ಉಪದೇಶ ಮಾಡಿದರು. ಗ್ಲಾಸು ತೊಳೆಯುವ ಹೊಣೆ ನನ್ನದು ಎಂದು ಬರೆದುಕೊಟ್ಟೆ. ಅದಕ್ಕೂ ಒಂದು ಠರಾವು ಮಾಡಿಸಿದರು.

ಹುಡುಗಿಯ ತಾಯಿಯನ್ನು ಕರೆಸಿ ಅವ್ವ ಹೇಳಿದ್ದನ್ನು ಹೇಳಿದೆ, ಮಾಡಿದ್ದು ನಾನೇ ಎಂಬುದನ್ನೂ ಹೇಳಿದೆ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ದೊಡ್ಡವರು ನೀವು, ಹುಡುಗಿಗೆ ಬುದ್ಧಿ ಕಡಿಮೆ ಎಂದು ನನಗೇ ಸಮಾಧಾನ ಹೇಳಿ ಕೂಲಿಗೆ ಹೋದಳು.

ಆ ಗ್ಲಾಸನ್ನು ಹುಡುಗಿಯ ಚೀಲದಿಂದ ತೆಗೆಸಿ, ಉಜ್ಜಿ, ಉಳಿದವುಗಳ ಜೊತೆ ಟಾಕಿಯ ಮೇಲೆ ಇಟ್ಟೆ. ಎಲ್ಲ ಮಕ್ಕಳನ್ನೂ ಕರೆದು, ನಾನು ಹೇಳಿಕೊಟ್ಟದ್ದು ತಪ್ಪು, ಇನ್ನು ಮೇಲೆ ಬೇಕಾದವರು ಬಾಯಿ ಹಚ್ಚಿ ಕುಡಿಯಿರಿ, ಕುಡಿದು ತೊಳೆದಿಡಿ ಎಂದೆ. ಅವರ ಮುಂದೆಯೇ ಅದೇ ಗ್ಲಾಸಿಗೆ ಬಾಯಿ ಹಚ್ಚಿ ಕುಡಿದೆ. ಅಕ್ಕೋರು ಎಂಜಲು ಮಾಡಿದರು ಎಂದು ಒಂದನೇ ತರಗತಿಯ ಒಂದು ಮಗು ಅತ್ತೇಬಿಟ್ಟಿತು. ಎಷ್ಟು ಚೆನ್ನಾಗಿ ಕಲಿಸಿದ್ದೆ ನೋಡಿ.

ಹುಡುಗಿ ಈಗ ಐದನೇ ತರಗತಿಯಲ್ಲಿದ್ದಾಳೆ. ದಿನಕ್ಕೆ ಮೂರು ಸಲ ನೀರು ಕುಡಿಯುತ್ತಾಳೆ, ನಾನು ಎಣಿಸುತ್ತೇನೆ. ಯಾವ ಗ್ಲಾಸು ಕೈಗೆ ಬಂದರೂ ತೆಗೆದುಕೊಳ್ಳುತ್ತಾಳೆ. ಬಾಯಿ ಹಚ್ಚಿ, ಎರಡು ಗುಟುಕು ಕುಡಿದು, ಮೂರನೆಯದಕ್ಕೆ ಮೊದಲು ಗ್ಲಾಸಿನ ಅಂಚಿನ ಮೇಲಿಂದ ಒಮ್ಮೆ ನನ್ನ ಕಡೆ ನೋಡುತ್ತಾಳೆ. ನಾನು ಏನಾದರೂ ಅನ್ನುತ್ತೇನೋ ಎಂದು.